ಚಂದ್ರಲಾಳ ಚುಕ್ಕಿ

ವಾಡಿ

ನಮ್ಮ ಕಡೆಯವರಿಗೆ ನಡಿಗೆಯೆಂದರೆ ಎರಡೇ ಬಗೆ. ಬಸ್ಸು ತಪ್ಪಿದಾಗ ನಡೆಯುವುದು ಒಂದು, ಹರಕೆ ಹೊತ್ತು ನಡೆಯುವುದು ಇನ್ನೊಂದು. ದುಡ್ಡು ಕೂಡಿಸಲು ನಡೆಯುವ ಮೂರನೆಯ ಬಗೆಯೂ ಇದೆ ಎಂದು ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳಲ್ಲಿ ತಿರುಗಿ ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟಿಹೋಗಿತ್ತು.

"ನೀವು ನಡದ್ರ ನಾವ್ಯಾಕ ರೊಕ್ಕ ಕೊಡಬೇಕ್ರಿ ಟೀಚರ್?" ಎಂದು ಶಹಾಬಾದಿನ ಅಂಗಡಿಯವರೊಬ್ಬರು ಕೇಳಿದರು. "ಅದೂ ವಿಲಾಯತಿಗಿ ಹೋಗಿ ನಡೀಬೇಕಾ? ಸನ್ನತಿಗಿ ನಡೀರಿ, ದೇವಿ ಪುಕ್ಕಟೆ ಕೇಳ್ತಾಳ." ನಕ್ಕು, ತಮ್ಮ ಗಿರಾಕಿಗಳನ್ನೂ ನಗಿಸಿ, ಕೊನೆಗೆ ಕೊಟ್ಟರು.

ನಾನು ಸುಮಿತ್ರಾ. ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮನೆ ವಾಡಿಯಲ್ಲಿ, ರೈಲು ಹಳಿಗಳಿಗೆ ಬೆನ್ನು ಹಚ್ಚಿಕೊಂಡೇ ಇದೆ. ಮಗಳಿಗೆ ಹದಿನಾರು ವರ್ಷ. ಸನ್ನತಿಯ ಚಂದ್ರಲಾಂಬೆ ನಮ್ಮ ಮನೆದೇವರಾದ್ದರಿಂದ ಅವಳಿಗೆ ಚಂದ್ರಲಾ ಎಂದೇ ಹೆಸರಿಟ್ಟೆವು. ಅವಳಿಗೆ ಆಟಿಸಂ ಇದೆ. ಒಂಬತ್ತು ವರ್ಷ ತುಂಬುವವರೆಗೆ ಆ ಹೆಸರನ್ನು ನಮಗೆ ಯಾರೂ ಹೇಳಲಿಲ್ಲ. ಮಾತು ತಡ ಎಂದರು, ಗಾಳಿ ಸೋಕಿದೆ ಎಂದರು, ತಾಯಿ ನೌಕರಿಗೆ ಹೋದರೆ ಮಕ್ಕಳು ಹೀಗೇ ಎಂದೂ ಅಂದರು. ಈ ಕೊನೆಯ ಮಾತು ಹೇಳಿದವರ ಮನೆಯ ಚಹಾವನ್ನು ನಾನು ಇವತ್ತಿಗೂ ಕುಡಿಯುವುದಿಲ್ಲ.

ಹೈದರಾಬಾದಿನ ಡಾಕ್ಟರು ಒಂದಷ್ಟು ಪ್ರಶ್ನೆ ಕೇಳಿ ಅಂತೂ ಹೆಸರು ಹೇಳಿದರು. ಮಗು ಗೊಂಬೆಗೆ ಸುಳ್ಳುಸುಳ್ಳೇ ಟೀ ಕುಡಿಸುತ್ತಿತ್ತೇ? ಹುಟ್ಟುಹಬ್ಬದ ಮೇಣದಬತ್ತಿ ಊದುವ ಆಟ ಆಡುತ್ತಿತ್ತೇ? ನಮ್ಮ ಮನೆತನದಲ್ಲಿ ಗೊಂಬೆಗೆ ಟೀ ಕುಡಿಸಿದವರು ಯಾರೂ ಇಲ್ಲ. ನಮ್ಮ ಮಕ್ಕಳು ಇಟ್ಟಿಗೆ ಚೂರು ದೂಡಿ ಗಾಡಿ ಆಡುತ್ತವೆ, ಮಣ್ಣಿನಲ್ಲಿ ರೊಟ್ಟಿ ಬಡಿಯುತ್ತವೆ. ಯಾವುದೋ ದೇಶದ ಕೂಸಿಗೆ ಕೇಳಬೇಕಾದ ಪ್ರಶ್ನೆಗಳನ್ನು ನಮ್ಮ ಕೂಸಿಗೆ ಕೇಳುತ್ತಿದ್ದರು.

ಕಲಬುರಗಿಯಲ್ಲಿ ಇಂಥ ಮಕ್ಕಳ ತಂದೆತಾಯಂದಿರು ಸೇರಿ ಕಟ್ಟಿಕೊಂಡ ಸಣ್ಣ ಕೂಟವೊಂದಿದೆ. ಸ್ಕಾಟ್ಲೆಂಡಿನ ಸಂಶೋಧಕರ ತಂಡವೊಂದು ಆ ಕೂಟಕ್ಕೆ ಮಾತು ಕೊಟ್ಟಿತ್ತು. ಅವರು ನಮ್ಮ ತಾಲ್ಲೂಕುಗಳಿಗೆ ಬಂದು, ನಮ್ಮ ಮಕ್ಕಳು ಆಡುವುದನ್ನು ನೋಡಿ, ನಮ್ಮ ಮಾತಿನಲ್ಲೇ ಪ್ರಶ್ನೆಗಳನ್ನು ಕಟ್ಟಿ, ಎರಡು ವರ್ಷದ ಕೂಸಿನಲ್ಲೇ ಆಟಿಸಂ ಗುರುತಿಸುವ ದಾರಿ ಹುಡುಕುವುದು. ಅದರ ಖರ್ಚು ಅಲ್ಲಿ ವರ್ಷಕ್ಕೊಮ್ಮೆ ನಡೆಯುವ ಎರಡು ದಿನದ ಗುಡ್ಡಗಾಡಿನ ನಡಿಗೆಯಿಂದ ಬರಬೇಕು. ನಮ್ಮ ಕಡೆಯಿಂದ ಒಬ್ಬರು ನಡೆದು ಗುರಿ ಮುಟ್ಟಿದರೆ, ನಮ್ಮ ಊರವರು ಕೊಟ್ಟಿದ್ದಕ್ಕೆ ಅಲ್ಲಿನ ದಾನಿಗಳು ಹಲವು ಪಟ್ಟು ಸೇರಿಸುತ್ತಾರೆ. ಕೂಟದಲ್ಲಿ ಬಿಪಿ, ಶುಗರ್ ಎರಡೂ ಇಲ್ಲದ ತಾಯಿ ನಾನೊಬ್ಬಳೇ ಆದ್ದರಿಂದ ಎಲ್ಲರ ಬೆರಳೂ ನನ್ನ ಕಡೆಗೇ ತಿರುಗಿತು.

ಚಿಂಚೋಳಿ ಕಡೆಯ ಐನಾಪುರದ ರೇವಪ್ಪನ ಮಗಳಿಗೆ ಆಗ ಎರಡು ವರ್ಷ ದಾಟಿತ್ತು. ಹೆಸರು ಹಿಡಿದು ಕರೆದರೆ ಆ ಕೂಸು ತಿರುಗಿ ನೋಡುತ್ತಿರಲಿಲ್ಲ. ಅವನು ದುಡ್ಡು ಕೊಟ್ಟು, ನನ್ನ ಜೊತೆ ರಸ್ತೆಯವರೆಗೂ ಬಂದ. "ಅವರು ನಮ್ಮೂರಿಗಿ ಖರೇನೇ ಬರ್ತಾರೇನ್ರಿ ಅಕ್ಕಾರ?" ಎಂದ. ಬರ್ತಾರೆ ಎಂದೆ.

ಉಳಿದದ್ದು ಚಂದ್ರಲಾಳ ಊಟದ ಚಿಂತೆ. ಅವಳು ತಾಟು ಹಿಡಿದು ಮಾಳಿಗೆ ಹತ್ತುತ್ತಾಳೆ. ರೈಲು ಓಡುತ್ತಿದ್ದರೆ ಉಣ್ಣುತ್ತಾಳೆ. ಗೂಡ್ಸ್ ಗಾಡಿ ಸಿಗ್ನಲ್ಲಿಗೆ ನಿಂತರೆ ತುತ್ತು ಕೈಯಲ್ಲೇ ನಿಲ್ಲುತ್ತದೆ, ಬಹಳ ಹೊತ್ತು ನಿಂತರೆ ತನ್ನ ಮುಂಗೈಯನ್ನು ತಾನೇ ಕಚ್ಚಿಕೊಳ್ಳುತ್ತಾಳೆ. ಹೀಗೆ ನಿಂತಾಗ ಪಕ್ಕದಲ್ಲಿ ಕುಳಿತು ಸಮಾಧಾನ ಮಾಡುವವಳು ನಾನು. ಅವಳ ಅಪ್ಪ ರೈಲ್ವೆಯವರೇ ಆದರೂ ಮಗಳಿಗಾಗಿ ರೈಲು ಓಡಿಸಲು ಅವರಿಗೆ ಅಧಿಕಾರವಿಲ್ಲ. ನನ್ನ ಅವ್ವ ಚಿತ್ತಾಪುರದಿಂದ ಬಂದು ಮನೆಯಲ್ಲಿ ಇರುತ್ತೇನೆಂದಳು, ತಮ್ಮ ಮಧುಕರ ನನ್ನ ಜೊತೆ ಬರುತ್ತೇನೆಂದ.

ಇಲ್ಲೊಂದು ಹಳೆಯ ಮಾತು ಹೇಳಿಬಿಡಬೇಕು. ಅವ್ವ ಮೊಮ್ಮಗಳಿಗಾಗಿ ಸನ್ನತಿಗೆ ನಡೆಯುವ ಹರಕೆ ಹೊತ್ತಿದ್ದಳು. ಅರ್ಧ ದಾರಿಯಲ್ಲಿ ಅವಳ ಮೊಣಕಾಲು ಸೋತಿತು. ಮಧುಕರ ಅವಳು ದೇವಿಗೆ ಒಯ್ಯುತ್ತಿದ್ದ ಉಡಿ ಸಾಮಾನಿನ ಗಂಟನ್ನು ತಾನು ತೆಗೆದುಕೊಂಡು ಉಳಿದ ದಾರಿ ನಡೆದ, ಅವ್ವ ಟಂಟಂ ರಿಕ್ಷಾದಲ್ಲಿ ಕುಳಿತು ಹೋದಳು. ಗುಡಿಯಲ್ಲಿ ಯಾರೂ ಚಕಾರವೆತ್ತಲಿಲ್ಲ. ಹೊತ್ತವರಿಗೆ ಆಗದಿದ್ದರೆ ಒಡಹುಟ್ಟಿದವರೋ ಹೊಟ್ಟೆಯ ಮಕ್ಕಳೋ ತೀರಿಸುವುದು ನಮ್ಮಲ್ಲಿ ಇದ್ದದ್ದೇ.

ಗ್ಲಾಸ್ಗೊ

ಇಲ್ಲಿಯವರು ಬಸ್ಸಿನಿಂದ ಇಳಿಯುವಾಗ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಾರೆ. ಪ್ರತಿಯೊಬ್ಬರೂ, ಪ್ರತಿ ಸಲವೂ. ಮಧುಕರನಿಗೆ ಇದು ಬಹಳ ಹಿಡಿಸಿ, ಇಳಿಯುವಾಗ ಡ್ರೈವರನ ಕೈ ಕುಲುಕಲು ಹೋಗಿ, ನಡುವೆ ಇದ್ದ ಗಾಜಿಗೆ ಬೆರಳು ಬಡಿದುಕೊಂಡ. ಮಳೆ ಬಂದರೆ ಯಾರೂ ಓಡುವುದಿಲ್ಲ. ನಾಯಿಗಳು ಹೋಟೆಲಿನೊಳಗೆ ಬಂದು ಮೇಜಿನ ಕೆಳಗೆ ಮಲಗುತ್ತವೆ, ಮಾಣಿ ಅವುಗಳ ನೀರನ್ನು ನಮ್ಮ ನೀರಿಗಿಂತ ಮೊದಲು ತರುತ್ತಾನೆ.

ನಡೆಯುವವರನ್ನೆಲ್ಲ ಒಂದು ಚರ್ಚಿನ ಹಾಲ್‌ನಲ್ಲಿ ಸೇರಿಸಿದ್ದರು. ಯಾರಿಗಾಗಿ ನಡೆಯುತ್ತೇವೆಂದು ಅಂಗಿಯ ಬೆನ್ನ ಮೇಲೆ ಬರೆದುಕೊಳ್ಳುವುದು ಅಲ್ಲಿನ ವಾಡಿಕೆ. ನಮ್ಮ ಗುಂಗುರು ತಲೆಯ ಜ್ಯಾಕ್‌ಗಾಗಿ, ನನ್ನ ತಂಗಿಗಾಗಿ, ನನಗಾಗಿ. ನಮ್ಮಲ್ಲಿ ಮದುವೆಮನೆಗೆ ಇಂಥ ಮಗುವನ್ನು ಕರೆದುಕೊಂಡು ಹೋಗುವುದಿಲ್ಲ, ಹೋದರೂ ಹಿಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಇಲ್ಲಿ ಹೆಸರನ್ನು ಬೆನ್ನ ಮೇಲೆ ಹೊತ್ತು ಊರೆಲ್ಲ ತಿರುಗುತ್ತಾರೆ. ನಾನು ಕನ್ನಡದಲ್ಲಿ ಚಂದ್ರಲಾ ಎಂದು ದಪ್ಪಗೆ ಬರೆದೆ. ಪಕ್ಕದವರು ರಂಗೋಲಿಯೇ ಎಂದು ಕೇಳಿದರು.

ಐಲೀನ್ ಎಂಬ ನಡುವಯಸ್ಸಿನ ಹೆಂಗಸು ಇಡೀ ನಡಿಗೆಯ ಉಸ್ತುವಾರಿ. ನಮ್ಮ ಹೆಡ್‌ಮಾಸ್ತರರ ಗತ್ತು, ಸೂಲಗಿತ್ತಿಯ ಕೈ. ಅವಳು ಪ್ರತಿಯೊಬ್ಬರಿಗೂ ನಂಬರಿನ ಬಟ್ಟೆಯನ್ನೂ ಬೆಂಕಿಪೊಟ್ಟಣದಷ್ಟು ಸಣ್ಣದೊಂದು ಯಂತ್ರವನ್ನೂ ಕೊಟ್ಟಳು. ಯಂತ್ರವನ್ನು ಚೀಲಕ್ಕೆ ಸಿಕ್ಕಿಸಿಕೊಂಡರೆ ನಾವು ಎಲ್ಲಿದ್ದೇವೆಂದು ನಕ್ಷೆಯ ಮೇಲೆ ಚುಕ್ಕಿಯಾಗಿ ಕಾಣುತ್ತದೆ, ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದು. ಇವೆರಡನ್ನೂ ಇನ್ನೊಬ್ಬರ ಕೈಗೆ ಕೊಡಬಾರದು, ಕೊಟ್ಟರೆ ಹೆಸರು ತೆಗೆದುಹಾಕುತ್ತೇವೆ ಎಂದು ಐಲೀನ್ ನಿಧಾನವಾಗಿ ಓದಿದಳು. ಪೆಟ್ಟಾಗಿ ನಿಂತವರಿಗೆ ಮಾತ್ರ, ನಡೆದಷ್ಟು ದೂರದ ದಾನ ಸಿಕ್ಕೇ ಸಿಗುತ್ತದೆ ಎಂದಳು. ನಾನು ಕಿವಿಗೊಟ್ಟು ಕೇಳಿದೆ. ಕಲ್ಲಿನ ವ್ಯಾಪಾರಿಯಾದ ನನ್ನ ತಮ್ಮ ಮಾತ್ರ ಹಾಲ್‌ನ ನೆಲವನ್ನು ಉಗುರಿನಿಂದ ಕೆರೆದು ನೋಡುತ್ತಿದ್ದ.

"ಅಕ್ಕಾ, ಇದು ನಮ್ಮ ಶಾಬಾದಿ ಫರ್ಸಿಕಲ್ಲು ಅಲ್ಲ ಬಿಡು" ಎಂದ.

ಬಾಲ್ಮಾಹ

ಮೊದಲ ದಿನ ಗುಡ್ಡ ಹತ್ತಿ ಇಳಿದು, ಲೋಮಂಡ್ ಎಂಬ ದೊಡ್ಡ ಸರೋವರದ ದಂಡೆಯ ಬಾಲ್ಮಾಹ ಮುಟ್ಟಬೇಕಿತ್ತು. ನೋಡಲು ಚೆಲುವಾದ ನಾಡು ಎಂದು ಎಲ್ಲರೂ ಹೇಳುತ್ತಾರೆ, ಇರಬಹುದು. ನಾನು ಕಂಡದ್ದು ಮುಂದಿನವರ ಹಿಮ್ಮಡಿ, ಜಿನುಗುವ ಮಳೆ, ಕಂಡೂ ಕಾಣದಷ್ಟು ಸಣ್ಣ ಕಚ್ಚುವ ನೊಣಗಳ ಮೋಡ. ಎದುರಿಗೆ ಬಂದವರೆಲ್ಲ ಹಲೋ ಎನ್ನುತ್ತಿದ್ದರು. ನಮ್ಮಲ್ಲಾದರೆ ಎಲ್ಲಿಗೆ, ಯಾರ ಪೈಕಿ, ಮಕ್ಕಳೆಷ್ಟು ಎಂದು ಕೇಳದೆ ಬಿಡುವುದಿಲ್ಲ. ಇಲ್ಲಿ ಹಲೋ ಎಂದು ಮುಗಿಸಿಬಿಡುತ್ತಾರೆ. ಅದಕ್ಕೆ ಒಗ್ಗಿಕೊಳ್ಳಲು ನನಗೆ ಒಂದು ಗುಡ್ಡ ಬೇಕಾಯಿತು.

ಗ್ರೆಗರ್ ಎಂಬ ಎತ್ತರದ ಮನುಷ್ಯ ನನ್ನ ಹೆಜ್ಜೆಗೆ ಹೆಜ್ಜೆ ಕೂಡಿಸಿದ. ಕಿವಿಗೆ ಸದ್ದು ತಡೆಯುವ ದೊಡ್ಡ ಮುಚ್ಚಳ, ಬೆನ್ನ ಮೇಲೆ ನನಗಾಗಿ ಎಂಬ ಬರಹ. ತನಗೆ ಆಟಿಸಂ ಇದೆಯೆಂದು ಅವನೇ ಹೇಳಿದ. ಸಂಶೋಧನೆಯಿಂದ ನಿನಗೇನು ಬೇಕು ಎಂದು ಕೇಳಿದೆ.

"ನನ್ನನ್ನು ಯಾರೂ ರಿಪೇರಿ ಮಾಡಬೇಕಾಗಿಲ್ಲ. ನನಗೆ ನಿದ್ದೆ ಬರುವುದಿಲ್ಲ. ಯಾಕೆಂದು ಯಾರಾದರೂ ಕಂಡುಹಿಡಿದರೆ ಸಾಕು" ಎಂದ. ಸ್ವಲ್ಪ ದೂರ ನಡೆದ ಮೇಲೆ, "ನಿಮ್ಮ ಮಗಳಿಗೆ ಏನು ಬೇಕು?" ಎಂದು ಕೇಳಿದ.

ಇಷ್ಟು ವರ್ಷ ಅವಳಿಗೆ ಏನಾಗಿದೆ ಎಂದು ಕೇಳಿದವರುಂಟು, ಏನು ಬೇಕು ಎಂದು ಒಬ್ಬರೂ ಕೇಳಿರಲಿಲ್ಲ. "ರೈಲು ನಿಲ್ಲಬಾರದು, ಅಷ್ಟೇ" ಎಂದೆ.

"ಒಳ್ಳೆಯ ಬೇಡಿಕೆ" ಎಂದು ಗ್ರೆಗರ್ ಗಂಭೀರವಾಗಿ ತಲೆದೂಗಿದ.

ಬಾಲ್ಮಾಹದಲ್ಲಿ ಮಧುಕರ ಸಾಮಾನಿನ ವ್ಯಾನಿನ ಬಳಿ ಕಾಯುತ್ತಿದ್ದ. ಮನೆಗೆ ಫೋನು ಹಚ್ಚಿದೆವು. ನಾನು ಬಿಟ್ಟುಬಂದಂದಿನಿಂದ ಚಂದ್ರಲಾ ಎರಡು ತುತ್ತಿನ ಮೇಲೆ ಉಂಡಿರಲಿಲ್ಲ. ಅವತ್ತು ಅವಳ ಅಪ್ಪ ನಕ್ಷೆಯನ್ನು ಫೋನಿನಲ್ಲಿ ತೆರೆದು, "ಇದು ನೋಡು, ಅವ್ವನ ಗಾಡಿ" ಎಂದು ಚುಕ್ಕಿ ತೋರಿಸಿದರಂತೆ.

"ಫೋನ್ ಬಿಡಲೇ ಇಲ್ಲ ನೋಡು" ಎಂದಳು ಅವ್ವ. "ಚುಕ್ಕಿ ಸರದಾಂಗೆಲ್ಲಾ ತುತ್ತು. ತಾಟು ಬರಿದು ಮಾಡ್ಯಾಳ."

ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಸೊಂಟ ಮಾತು ಕೇಳುತ್ತಿರಲಿಲ್ಲ. ಆದರೂ ಆ ಊರಿನಲ್ಲಿ ಅವತ್ತು ನನಗಿಂತ ಸುಖಿ ಯಾರೂ ಇರಲಿಕ್ಕಿಲ್ಲ.

ರೋವರ್ಡೆನನ್

ಎರಡನೆಯ ದಿನದ ದಾರಿ ಸರೋವರದ ದಂಡೆಗುಂಟ, ಬೇರು ಮತ್ತು ಬಂಡೆಗಳ ಮೇಲೆ. ಮಳೆಯಲ್ಲಿ ತೊಯ್ದ ಫರ್ಸಿಯ ಮೇಲೆ ಪಾದ ಪೂರ್ತಿ ಊರಿ ನಡೆಯಬೇಕೆಂದು ಶಹಾಬಾದಿನ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ರೋವರ್ಡೆನನ್ ಇನ್ನೇನು ಬಂತು ಎನ್ನುವಾಗ ಮೈ ದಣಿದು ಬೆರಳತುದಿಯಲ್ಲಿ ಹೆಜ್ಜೆಯಿಟ್ಟೆ. ಜಾರಿದೆ. ಕಣಕಾಲಿನಲ್ಲಿ ಏನೋ ಲಟಕ್ಕೆಂದಿತು.

ಇಬ್ಬರು ಹಿಡಿದುಕೊಂಡು ಚಿಕಿತ್ಸೆಯ ಡೇರೆಗೆ ತಂದರು. ನರ್ಸ್ ಬೂಟು ಬಿಚ್ಚಿಸಿ ನೋಡಿ, ನಡಿಗೆ ಇಲ್ಲಿಗೆ ಮುಗಿಯಿತು ಎಂದಳು. ಮಧುಕರ ವ್ಯಾನಿನಿಂದ ಓಡಿ ಬಂದ. ಅಷ್ಟರಲ್ಲಿ ಫೋನು ಬಂತು. ನಮಗೆ ಮಧ್ಯಾಹ್ನ, ವಾಡಿಯಲ್ಲಿ ದೀಪ ಹಚ್ಚುವ ಹೊತ್ತು. ನನ್ನ ಕಾಲು ನರ್ಸಿನ ಕೈಯಲ್ಲಿದ್ದುದರಿಂದ ಅವನೇ ಎತ್ತಿದ. ಯಜಮಾನರ ಧ್ವನಿ ನನಗೂ ಕೇಳುತ್ತಿತ್ತು.

"ಮಧು, ಚುಕ್ಕಿ ಯಾಕ ನಿಂತದ? ಇಕಿ ತಾಟು ಒಗದಾಳ. ಕೈ ಕಚ್ಚಿಕೊಳ್ಳಿಕತ್ತಾಳ. ರಕ್ತ ಬಂದದ, ಬಿಡಸ್ಲಿಕ್ಕೆ ಆಗವಲ್ದು."

ಹಿಂದೆ ಚಂದ್ರಲಾಳ ದನಿ. ಅದನ್ನು ಇಲ್ಲಿ ಬರೆಯಲಾರೆ.

ಮಧುಕರ ಫೋನನ್ನು ನನ್ನ ಪಕ್ಕಕ್ಕಿಟ್ಟ. ನನ್ನ ಚೀಲ ಎತ್ತಿಕೊಂಡು, ಮೇಲಂಗಿಯನ್ನೂ ತೆಗೆದುಕೊಂಡು ಹೊರಗೆ ಹೋದ. ವ್ಯಾನಿನಲ್ಲಿ ಇಡಲು ಹೋದನೆಂದೇ ತಿಳಿದೆ. ಮಾತ್ರೆ ನುಂಗಿ, ಫೋನಿನಲ್ಲಿ ನಕ್ಷೆ ತೆರೆದೆ. ನಾನು ಡೇರೆಯಲ್ಲಿ ಮಲಗಿದ್ದೆ, ನನ್ನ ಚುಕ್ಕಿ ದಂಡೆಗುಂಟ ಉತ್ತರಕ್ಕೆ ಹೊರಟಿತ್ತು.

ಆ ಮೇಲಂಗಿಗೆ ನನ್ನ ನಂಬರಿನ ಬಟ್ಟೆ ಪಿನ್ನು ಹಾಕಿದ್ದು ನೆನಪಾಯಿತು. ಐಲೀನ್ ಓದಿದ ಮಾತೂ ನೆನಪಾಯಿತು. ನರ್ಸ್ ಪೆನ್ನು ತೆಗೆದು, ನೀವು ನಿಂತಿರಿ ಎಂದು ಈಗಲೇ ತಿಳಿಸಿಬಿಡಲೇ ಎಂದು ಕೇಳಿದಳು. ಹೂಂ ಎಂದಿದ್ದರೆ ನಡೆದಷ್ಟು ದಾರಿಯ ದಾನ ಉಳಿಯುತ್ತಿತ್ತು, ರೇವಪ್ಪನ ಊರಿಗೆ ಸಂಶೋಧಕರು ಬರುವುದೂ ಬಹುಶಃ ಉಳಿಯುತ್ತಿತ್ತು. ಯಂತ್ರವನ್ನು ಅಲ್ಲೇ ಆರಿಸುತ್ತಿದ್ದರು, ಚುಕ್ಕಿಯೂ ಅಲ್ಲೇ ನಿಲ್ಲುತ್ತಿತ್ತು.

ಅಷ್ಟರಲ್ಲಿ ಮನೆಯಿಂದ ಒಂದು ಸಾಲು ಬಂತು. ಉಣ್ಲಿಕತ್ತಾಳ.

"ಸ್ವಲ್ಪ ತಾಳಿ" ಎಂದೆ ನರ್ಸಿಗೆ. "ಇನ್ನೂ ಸ್ವಲ್ಪ ಹೊತ್ತು ನೋಡುತ್ತೇನೆ." ನೋವಿನಲ್ಲಿರುವ ಹೆಂಗಸಿನ ಹಟವೆಂದುಕೊಂಡು ಅವಳು ಬೇರೆಯವರ ಕಡೆಗೆ ಹೋದಳು. ಗಿಡಗಂಟಿಗಳ ನಡುವೆ, ಆಫೀಸಿಗೆ ಹಾಕುವ ಚರ್ಮದ ಬೂಟಿನಲ್ಲಿ, ನನ್ನ ತಮ್ಮ ನಾನಾಗಿ ನಡೆಯುತ್ತಿದ್ದ.

ಇನ್ವರ್‌ಸ್ನೇಡ್

ಇನ್ವರ್‌ಸ್ನೇಡ್ ನಡಿಗೆಯ ಕೊನೆ. ದಂಡೆಯ ಮೇಲೆ ಹತ್ತಿರವೇ ಆದರೂ ವಾಹನ ಗುಡ್ಡ ಸುತ್ತಿಕೊಂಡು ಹೋಗಬೇಕು. ನಾನು ಊರುಗೋಲು ಹಿಡಿದು ಸಾಮಾನಿನ ವ್ಯಾನಿನಿಂದ ಇಳಿಯುವಷ್ಟರಲ್ಲಿ ಮಧುಕರ ಆಗಲೇ ಮುಟ್ಟಿದ್ದ. ಅಲ್ಲೊಂದು ಜಲಪಾತವಿದೆ, ಅದರ ಮುಂದೆ ನಿಂತಿದ್ದ. ಕೊರಳಲ್ಲಿ ಪದಕ, ಎದೆಯ ಮೇಲೆ ನನ್ನ ನಂಬರು, ಬೂಟಿನ ತಳ ಕಿತ್ತು ಬಾಯಿ ತೆರೆದಿತ್ತು. ತಲೆಗೆ ಟೊಪ್ಪಿಗೆ ಎಳೆದುಕೊಂಡು ಬಂದವನ ಮುಖವನ್ನು ಆ ಮಳೆಯಲ್ಲಿ ಯಾರೂ ನೋಡಿರಲಿಲ್ಲ, ನಂಬರು ನೋಡಿ ಬಿಟ್ಟಿದ್ದರು.

"ಅಕ್ಕಾ, ಮುಗಿಸಿಬಿಟ್ಟೆ ನೋಡು!" ಎಂದು ಕೂಗಿದ. ಪದಕ ತೆಗೆದು, ಪ್ರಸಾದ ಕೊಡುವ ಹಾಗೆ ಎರಡೂ ಕೈಯಿಂದ ನನ್ನ ಕೊರಳಿಗೆ ಹಾಕಿದ. ಎದುರಿಗೇ ಐಲೀನ್ ನಿಂತಿದ್ದಳು.

ಅವಳು ನನ್ನ ಊರುಗೋಲು ನೋಡಿದಳು, ಅವನ ಎದೆಯ ನಂಬರು ನೋಡಿದಳು. ಏನಿದು ಎಂದು ಕೇಳಿದಳು. ಮಧುಕರನಿಗೆ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ. ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಎದೆಯುಬ್ಬಿಸಿ ಹೇಳಿದ. ಅಕ್ಕನಿಗೆ ಕಾಲು ಹೋಯಿತು, ನಾನು ಒಡಹುಟ್ಟಿದ ತಮ್ಮ, ಅವಳ ಪಾಲಿನದನ್ನು ನಾನು ನಡೆದೆ, ಒಂದು ಹೆಜ್ಜೆಯೂ ಕಡಿಮೆ ಮಾಡಿಲ್ಲ.

ಐಲೀನ್ ಸುತ್ತಲೂ ಒಮ್ಮೆ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಇದನ್ನು ನಾನು ನೋಡಲಿಲ್ಲ ಎಂದುಕೊಳ್ಳಬಹುದು" ಎಂದಳು.

"ನಾನು ನೋಡಿದೆ" ಎಂದ ಗ್ರೆಗರ್. ಪಕ್ಕದ ಕಲ್ಲಿನ ಮೇಲೆ ಕುಳಿತು ಸಾಕ್ಸ್ ಹಿಂಡುತ್ತಿದ್ದ. "ಅವರು ನಡೆಯಲಿಲ್ಲ. ನಡೆದೆ ಎಂದು ಬರೆದರೆ ಅದು ಸುಳ್ಳು. ಸುಳ್ಳು ಬರೆಯುವವರ ಸಂಶೋಧನೆಯನ್ನು ನಾನು ನಂಬಲಾರೆ."

ಅವನ ಮೇಲೆ ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ಬಡಿದುಬಿಡುವಷ್ಟು ಬಂತು. ಅವನ ಮುಖದಲ್ಲಿ ಮಾತ್ರ ದ್ವೇಷವಿರಲಿಲ್ಲ, ನಮ್ಮನ್ನು ಗೆದ್ದ ಖುಷಿಯೂ ಇರಲಿಲ್ಲ. ಮಾಳಿಗೆಯ ಮೇಲೆ, ನಿಂತ ರೈಲಿನ ಕಡೆ ಬೆರಳು ಮಾಡಿ ನಿಲ್ಲುವ ನನ್ನ ಮಗಳ ಮುಖವೂ ಹಾಗೇ ಇರುತ್ತದೆ. ನಾನು ಪದಕ ತೆಗೆದು ಐಲೀನಳ ಕೈಗೆ ಕೊಟ್ಟೆ. ಡೇರೆಯಲ್ಲಿ ಚುಕ್ಕಿ ಹೊರಟಾಗಲೇ ನನಗೆ ಗೊತ್ತಾಗಿತ್ತು ಎಂಬುದನ್ನೂ ಹೇಳಿದೆ.

ಮಧುಕರ ನಮ್ಮ ಮುಖಗಳನ್ನು ನೋಡುತ್ತ ನಿಂತಿದ್ದ. "ಯಾಕಕ್ಕಾ, ನಾ ಏನು ತಪ್ಪು ಮಾಡಿದೆ?" ಎಂದ.

ಮತ್ತೆ ಗ್ಲಾಸ್ಗೊ

ಮರುದಿನ ಐಲೀನ್ ನಾವು ಇಳಿದಿದ್ದ ಕಡೆಗೆ ತಾನೇ ಬಂದಳು, ಫೋನಿನಲ್ಲಿ ಹೇಳಿ ಮುಗಿಸಲಿಲ್ಲ. ನನ್ನ ಹೆಸರು ತೆಗೆದಿದ್ದಾರೆ. ದಾನಿಗಳು ಸೇರಿಸುವುದಾಗಿ ಹೇಳಿದ್ದು ಬರುವುದಿಲ್ಲ. ನಮ್ಮ ಊರವರು ಕೊಟ್ಟದ್ದು ಸಂಶೋಧನೆಗೇ ಹೋಗುತ್ತದೆ, ಆದರೆ ಅಷ್ಟರಲ್ಲಿ ತಂಡ ಕಳಿಸಲಾಗುವುದಿಲ್ಲ. ಮುಂದೆ ಎಂದಾದರೂ ನೋಡೋಣ ಎಂದಳು. ನಮ್ಮ ಆಫೀಸುಗಳಲ್ಲೂ ಈ ಮಾತು ಕೇಳಿದ್ದೇನೆ. ಇವಳು ಅಳುತ್ತ ಹೇಳಿದಳು, ಅಷ್ಟೇ ವ್ಯತ್ಯಾಸ.

ರೇವಪ್ಪನಿಗೆ ನಾನೇ ಫೋನು ಮಾಡಿದೆ. ಬೇರೆಯವರಿಂದ ತಿಳಿಯಬಾರದಿತ್ತು. ಎಲ್ಲವನ್ನೂ ಕೇಳಿಸಿಕೊಂಡ.

"ಹಂಗಾದ್ರ ಈ ವರ್ಷ ಬರಂಗಿಲ್ಲಂತೀರಿ."

"ಇಲ್ಲ ರೇವಪ್ಪ. ನನ್ನಿಂದಲೇ ಹೀಗಾಯ್ತು."

"ಇರ್ಲಿ ಬಿಡ್ರಿ ಅಕ್ಕಾರ. ಕಾಲು ಹ್ಯಾಂಗದ ನಿಮ್ದು?" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಫೋನಿನ ಹಿಂದೆ ಅವನ ಹೆಂಡತಿ ಮಗಳನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಮತ್ತೆ ಮತ್ತೆ ಕರೆಯುತ್ತಿದ್ದಳು.

ಮಧ್ಯಾಹ್ನ ಮನೆಯಿಂದ ಫೋನು ಬಂತು. ಹೆಸರಿನ ಜೊತೆ ನಕ್ಷೆಯಿಂದ ನನ್ನ ಚುಕ್ಕಿಯನ್ನೂ ಅಳಿಸಿದ್ದರು. ಚಂದ್ರಲಾ ಬೆಳಗಿನಿಂದ ಅದೇ ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿ ಕುಗ್ಗಿಸಿ ಹುಡುಕುತ್ತಿದ್ದಾಳೆ. ಬಾಯಿಗೆ ನೀರೂ ಹಾಕಿಲ್ಲ. ಕೈಗೆ ಕಟ್ಟಿದ ಪಟ್ಟಿಯನ್ನು ಕಿತ್ತು ಮತ್ತೆ ಅಲ್ಲೇ ಕಚ್ಚುತ್ತಿದ್ದಾಳೆ.

"ವಾಟ್ಸಾಪ್‌ನಾಗೂ ಚುಕ್ಕಿ ಬರ್ತದಲ್ಲಕ್ಕಾ" ಎಂದ ಮಧುಕರ. "ಲೊಕೇಶನ್ ಹಚ್ಚಿ ಕಳಸೋಣ. ನಾ ನಡೀತೀನಿ." ಎದ್ದು ನಿಲ್ಲಲು ಹೋಗಿ ಮಂಚದ ಮೇಲೆ ಕುಸಿದ. ಅವನ ಅಂಗಾಲಿನ ಚರ್ಮ ಬೂಟಿನ ಜೊತೆಯೇ ಹೋಗಿತ್ತು. ಎರಡೂ ಪಾದಕ್ಕೆ ಬಟ್ಟೆ ಸುತ್ತಿತ್ತು.

ನಾನು ಲೊಕೇಶನ್ ಹಚ್ಚಿ, ಫೋನನ್ನು ಕುಪ್ಪಸದಲ್ಲಿ ಸಿಕ್ಕಿಸಿಕೊಂಡು, ಊರುಗೋಲು ಹಿಡಿದು ಹೊರಗೆ ಬಂದೆ. ಮಳೆ ಜಿನುಗುತ್ತಿತ್ತು. ನದಿಗುಂಟ ಸಪಾಟಾದ ಕಾಲುದಾರಿ ಇತ್ತು. ನನ್ನ ಬೆನ್ನ ಮೇಲೆ ಹೆಸರಿರಲಿಲ್ಲ, ಎದೆಯ ಮೇಲೆ ನಂಬರಿರಲಿಲ್ಲ. ಎದುರಿಗೆ ಬಂದ ಮುದುಕಿಯೊಬ್ಬಳು ಹಲೋ ಎಂದಳು. ನಾನೂ ಹಲೋ ಎಂದೆ. ಕಾಲು ಊರಿದಾಗಲೆಲ್ಲ ನೋವು ತೊಡೆಯವರೆಗೆ ಏರುತ್ತಿತ್ತು, ಹಲ್ಲು ಕಚ್ಚಿಕೊಂಡು ಮುಂದಿನ ದೀಪದ ಕಂಬ, ಅದರ ಮುಂದಿನ ಕಂಬ ಎಂದು ಹೋಗುತ್ತಿದ್ದೆ. ಒಂದು ಬೆಂಚು ಸಿಕ್ಕಿತು, ಕುಳಿತೆ. ಕಣ್ಣು ಕತ್ತಲೆಗಟ್ಟುತ್ತಿತ್ತು.

ಕೂಡಲೇ ಫೋನು ಬಂತು. ಅವ್ವ.

"ಸುಮೀ, ಯಾಕ ನಿಂತಿ? ಮೂರು ತುತ್ತು ತೊಗೊಂಡಿದ್ಳು, ಕೈ ನಿಂತು ಹೋತು ನೋಡು."

"ಅವ್ವಾ, ಕಾಲು ಭಾಳ ನೋಯ್ಲಿಕತ್ತದ."

ಆ ಕಡೆ ಅವ್ವ ಅಳುವುದು ಕೇಳಿಸಿತು. ಅವಳ ದನಿ ಮಾತ್ರ ಬದಲಾಗಲಿಲ್ಲ.

"ಗೊತ್ತದವ್ವಾ. ಆದ್ರ ನಿಂದ್ರಬ್ಯಾಡ. ಇನ್ನಾ ಅರ್ಧ ರೊಟ್ಟಿ ಉಳದದ."